ಗೆದ್ದವರು ಮೂವರು, ಉಳಿದದ್ದು ಒಬ್ಬರಿಗೆ

ಹೊಸಪೇಟೆಯಿಂದ ಕೊಪ್ಪಳದ ಕಡೆಗೆ ಹೊರಟ ಬಸ್ಸಿಗೆ ತುಂಗಭದ್ರೆಯನ್ನು ದಾಟಲು ಕೆಲವೇ ನಿಮಿಷ ಸಾಕು. ಈ ದಡದಲ್ಲೂ ಕನ್ನಡ, ಆ ದಡದಲ್ಲೂ ಕನ್ನಡ. ಹೊಲದ ಮಣ್ಣು, ಊಟದ ರೊಟ್ಟಿ, ಜಾತ್ರೆಯ ತೇರು ಎಲ್ಲವೂ ಹೆಚ್ಚುಕಡಿಮೆ ಒಂದೇ. ಆದರೆ ದೇಶಕ್ಕೆ ಸ್ವಾತಂತ್ರ್ಯ ಬರುವ ಹೊತ್ತಿನಲ್ಲಿ ಬಲದಂಡೆಯ ಹೊಸಪೇಟೆ, ಬಳ್ಳಾರಿಗಳು ಮದರಾಸು ಪ್ರಾಂತ್ಯದಲ್ಲಿದ್ದವು. ಎಡದಂಡೆಯ ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1945ರ ಫೆಬ್ರುವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಹಾಕಿದಾಗ ಒಂದು ದಂಡೆಯಲ್ಲಿ ಮದರಾಸಿನ ಗವರ್ನರ್, ಇನ್ನೊಂದು ದಂಡೆಯಲ್ಲಿ ಹೈದರಾಬಾದಿನ ರಾಜಕುಮಾರ ನಿಂತಿದ್ದರು. ಅಣೆಕಟ್ಟು ಒಂದು, ಸರ್ಕಾರಗಳು ಎರಡು.

ಒಂದೇ ಭಾಷೆಯ ಜನರ ನಡುವೆ ಈ ಗೆರೆ ಎಳೆದವರು ಯಾರು? ಇದಕ್ಕೆ ಉತ್ತರ ಬೇಕಾದರೆ ಇನ್ನೂರು ವರ್ಷಕ್ಕೂ ಹಿಂದಿನ ಒಂದು ಮಿತ್ರಕೂಟದ ಲೆಕ್ಕಪತ್ರವನ್ನು ತೆರೆಯಬೇಕಾಗುತ್ತದೆ. ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ವಿರುದ್ಧ ಈಸ್ಟ್ ಇಂಡಿಯಾ ಕಂಪನಿ, ಪುಣೆಯ ಪೇಶ್ವೆ ಮತ್ತು ಹೈದರಾಬಾದಿನ ನಿಜಾಮ ಸೇರಿ ಕಟ್ಟಿದ ಕೂಟ ಅದು. ಯುದ್ಧದಲ್ಲಿ ಮಿತ್ರರು ಏನನ್ನು ತರುತ್ತಾರೆ, ಗೆದ್ದ ಮೇಲೆ ಏನನ್ನು ಒಯ್ಯುತ್ತಾರೆ, ಒಯ್ದದ್ದು ಎಷ್ಟು ದಿನ ಅವರ ಕೈಯಲ್ಲಿ ಉಳಿಯುತ್ತದೆ ಎಂಬ ಮೂರು ಪ್ರಶ್ನೆಗಳಿಗೂ ಅದರಲ್ಲಿ ಉತ್ತರವಿದೆ.

ಸಮಪಾಲಿನ ಕರಾರು

1789ರ ಡಿಸೆಂಬರಿನಲ್ಲಿ ಟಿಪ್ಪು ತಿರುವಾಂಕೂರಿನ ಗಡಿಕೋಟೆಯ ಮೇಲೆ ದಾಳಿ ಮಾಡಿದ. ತಿರುವಾಂಕೂರಿನ ಅರಸ ಕಂಪನಿಯ ಮಿತ್ರ. ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಕಾರ್ನ್‌ವಾಲಿಸ್‌ಗೆ ಯುದ್ಧಕ್ಕೆ ಕಾರಣ ಸಿಕ್ಕಿತು. ಆದರೆ ಮೈಸೂರಿನ ಮೇಲೆ ಒಂಟಿಯಾಗಿ ಹೋದವರ ಗತಿ ಏನೆಂದು ಹೈದರಾಲಿಯ ಕಾಲದಿಂದಲೂ ಕಂಪನಿಗೆ ಗೊತ್ತಿತ್ತು. ಅದರ ಬಳಿ ಕಾಲಾಳು ಪಡೆಯಿತ್ತು, ಫಿರಂಗಿಗಳಿದ್ದವು. ಬಯಲುಸೀಮೆಯ ಯುದ್ಧಕ್ಕೆ ಬೇಕಾದ ದೊಡ್ಡ ಕುದುರೆ ಪಡೆ ಇರಲಿಲ್ಲ.

ಮರಾಠರಿಗೂ ನಿಜಾಮನಿಗೂ ತಮ್ಮದೇ ಕಾರಣಗಳಿದ್ದವು. ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಿನ ನಾಡನ್ನು ಹೈದರ್ ಮತ್ತು ಟಿಪ್ಪು ಅವರಿಂದ ಕಸಿದುಕೊಂಡಿದ್ದರು. 1787ರಲ್ಲಿ ಗಜೇಂದ್ರಗಡದ ಸಂಧಿಯಾಗಿ ಯುದ್ಧ ನಿಂತಿತ್ತಾದರೂ ಹಗೆ ಆರಿರಲಿಲ್ಲ. ಹೀಗಾಗಿ 1790ರ ಜೂನ್ 1ರಂದು ಪುಣೆಯಲ್ಲಿ ಪೇಶ್ವೆಯೊಡನೆ, ಜುಲೈ 4ರಂದು ನಿಜಾಮನೊಡನೆ ಕಂಪನಿಯ ಒಪ್ಪಂದಗಳಾದವು.

ಕರಾರುಗಳು ಸ್ಪಷ್ಟವಾಗಿದ್ದವು. ಇಬ್ಬರೂ ಮಿತ್ರರು ತಮ್ಮ ಕಡೆಯಿಂದ ದೊಡ್ಡ ಸೈನ್ಯಗಳನ್ನು ಕಣಕ್ಕಿಳಿಸಬೇಕು. ಕಂಪನಿ ಕೇಳಿದಾಗ ತಲಾ ಹತ್ತು ಸಾವಿರ ಕುದುರೆ ಸವಾರರನ್ನು ಕಳುಹಿಸಬೇಕು. ಕಂಪನಿ ತನ್ನ ಸಿಪಾಯಿ ತುಕಡಿಗಳನ್ನು ಅವರ ನೆರವಿಗೆ ಕೊಡಬೇಕು. ಯಾರೂ ಪ್ರತ್ಯೇಕವಾಗಿ ಸಂಧಿ ಮಾಡಿಕೊಳ್ಳುವಂತಿಲ್ಲ. ಗೆದ್ದ ಸೀಮೆಯಲ್ಲಿ ಮೂವರಿಗೂ ಸಮಪಾಲು. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಒಪ್ಪಂದ ಇರಲಾರದು ಎಂದೇ ತೋರುತ್ತದೆ.

ಕನ್ನಂಬಾಡಿಯ ಹಸಿವು

1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸ್ ಬೆಂಗಳೂರಿನ ಕೋಟೆಯನ್ನು ಹಿಡಿದ. ಏಪ್ರಿಲ್‌ನಲ್ಲಿ ನಿಜಾಮನ ಕುದುರೆ ಪಡೆ ಬಂದು ಕೂಡಿಕೊಂಡಿತು. ಮೇ 15ರಂದು ಶ್ರೀರಂಗಪಟ್ಟಣದ ಬಳಿಯ ಅರಕೆರೆಯಲ್ಲಿ ನಡೆದ ಕಾಳಗದಲ್ಲಿ ಟಿಪ್ಪು ಹಿಂದೆ ಸರಿದ. ಗೆಲುವು ಕೈಗೆಟುಕುವ ದೂರದಲ್ಲಿತ್ತು.

ಆದರೆ ಹೊಟ್ಟೆಗೆ ಹಿಟ್ಟಿರಲಿಲ್ಲ. ಟಿಪ್ಪುವಿನ ಸವಾರರು ದಾರಿಯುದ್ದಕ್ಕೂ ಮೇವು, ದವಸಗಳನ್ನು ಸುಟ್ಟಿದ್ದರು. ಮಳೆ ಹಿಡಿದುಕೊಂಡಿತು. ಫಿರಂಗಿ ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು. ಕಾವೇರಿ ದಡದ ಕನ್ನಂಬಾಡಿಯವರೆಗೆ ಬಂದ ಕಾರ್ನ್‌ವಾಲಿಸ್, ಕೋಟೆ ಒಡೆಯಲೆಂದು ಅಷ್ಟು ದೂರದಿಂದ ತಂದಿದ್ದ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂತಿರುಗಬೇಕಾಯಿತು. ಆ ಹಳೆಯ ಕನ್ನಂಬಾಡಿ ಈಗ ಕೃಷ್ಣರಾಜಸಾಗರದ ನೀರಿನಡಿ ಇದೆ.

ಮೇ 26ರಂದು ಮೇಲುಕೋಟೆಯ ಆಸುಪಾಸಿನಲ್ಲಿ ಹೀಗೆ ಹಿಂದಿರುಗುತ್ತಿದ್ದ ಸೈನ್ಯದ ಎದುರಿಗೆ ಕುದುರೆ ಸವಾರರ ದಂಡೊಂದು ಕಾಣಿಸಿತು. ಮೊದಲಿಗೆ ಶತ್ರುವೆಂದೇ ಭಾವಿಸಿದರು. ಬಂದವರು ಹರಿಪಂತ ಫಡಕೆ ಮತ್ತು ಪರಶುರಾಮ ಭಾವು ಪಟವರ್ಧನ್ ನೇತೃತ್ವದ ಮರಾಠಾ ಪಡೆಗಳು. ಸುದ್ದಿ ತರುವ ಹರಿಕಾರರನ್ನು ಟಿಪ್ಪುವಿನ ಜನ ದಾರಿಯಲ್ಲೇ ಹಿಡಿಯುತ್ತಿದ್ದುದರಿಂದ ಮಿತ್ರರು ಇಷ್ಟು ಹತ್ತಿರ ಬಂದಿರುವುದೇ ಕಾರ್ನ್‌ವಾಲಿಸ್‌ಗೆ ತಿಳಿದಿರಲಿಲ್ಲ.

ಮರಾಠರ ದಂಡಿನ ಜೊತೆಗೆ ಒಂದು ಸಂತೆಯೇ ನಡೆದು ಬಂದಿತ್ತು. ದವಸಧಾನ್ಯವಷ್ಟೇ ಅಲ್ಲ, ಕಾಶ್ಮೀರದ ಶಾಲಿನಿಂದ ಇಂಗ್ಲೆಂಡಿನ ಬಟ್ಟೆ, ಚಾಕುಗಳವರೆಗೆ ಅಲ್ಲಿ ಮಾರಾಟಕ್ಕಿದ್ದವು. ಬೆಲೆ ಮಾತ್ರ ಹಸಿದವನ ಮುಖ ನೋಡಿ ಹೇಳಿದ ಬೆಲೆ. ಆದರೂ ಕಂಪನಿಯ ಸೈನ್ಯ ಬದುಕಿತು. ಆ ವಾರ ಮರಾಠರು ಬಾರದೇ ಹೋಗಿದ್ದರೆ ಮೂರನೆಯ ಮೈಸೂರು ಯುದ್ಧದ ಕಥೆ ಬೇರೆಯಾಗುವ ಸಾಧ್ಯತೆ ಇತ್ತು.

ಮಿತ್ರರ ಕೊಡುಗೆ ಎಂದರೆ ಹೀಗೆ ಹಲವು ಬಗೆ. ಕಂಪನಿ ತಂದದ್ದು ಶಿಸ್ತಿನ ಕಾಲಾಳು, ಕೋಟೆ ಒಡೆಯುವ ಫಿರಂಗಿ ಮತ್ತು ನಗದು ಹಣ. ಹರಿಪಂತ ಸಾಲ ಕೇಳಿದಾಗ, ಚೀನಾ ವ್ಯಾಪಾರಕ್ಕೆಂದು ಇಟ್ಟಿದ್ದ ಬೆಳ್ಳಿಯನ್ನು ಕಾರ್ನ್‌ವಾಲಿಸ್ ತರಿಸಿ ಕೊಟ್ಟ. ಮರಾಠರೂ ನಿಜಾಮನೂ ತಂದದ್ದು ಕುದುರೆ, ದವಸ ಮತ್ತು ಉತ್ತರದ ಗಡಿಯಲ್ಲಿ ಟಿಪ್ಪುವಿನ ಪಡೆಗಳನ್ನು ಕಟ್ಟಿಹಾಕುವ ಬಲ. ಕೊಡಗಿನ ದೊಡ್ಡ ವೀರರಾಜೇಂದ್ರ ಮುಂಬಯಿಯ ಸೈನ್ಯಕ್ಕೆ ಮಲಬಾರಿನಿಂದ ಘಟ್ಟ ಹತ್ತುವ ದಾರಿಯನ್ನೂ ಅಕ್ಕಿಯನ್ನೂ ಒದಗಿಸಿದ. ಯಾವ ಒಪ್ಪಂದದಲ್ಲೂ ಹೆಸರಿಲ್ಲದ ಲಂಬಾಣಿಗಳು ಎತ್ತಿನ ಹೇರುಗಳಲ್ಲಿ ಧಾನ್ಯ ಸಾಗಿಸಿ ಕಂಪನಿಯ ದಂಡಿಗೆ ಅನ್ನವಿಕ್ಕಿದರು.

ಅವರವರ ಗುರಿ ಅವರವರಿಗೆ

ಒಟ್ಟಿಗೆ ಹೊರಟವರೆಲ್ಲ ಒಂದೇ ಊರಿಗೆ ಹೊರಟಿರಲಿಲ್ಲ ಎಂಬುದು ಬೇಗನೆ ಗೊತ್ತಾಯಿತು. ಪರಶುರಾಮ ಭಾವು ಧಾರವಾಡದ ಕೋಟೆಯ ಮುಂದೆಯೇ ಆರು ತಿಂಗಳಿಗೂ ಹೆಚ್ಚು ಕಾಲ ಕುಳಿತಿದ್ದ. 1791ರ ಏಪ್ರಿಲ್‌ನಲ್ಲಿ ಅದು ಕೈವಶವಾಯಿತು. ನಿಜಾಮನ ಸೈನ್ಯ ಅಷ್ಟೇ ದೀರ್ಘಕಾಲ ಕೊಪ್ಪಳವನ್ನು ಮುತ್ತಿತ್ತು. ಯುದ್ಧದ ಮೂಲ ಗುರಿ ಶ್ರೀರಂಗಪಟ್ಟಣ. ಆದರೆ ಪ್ರತಿಯೊಬ್ಬ ಮಿತ್ರನ ಕಣ್ಣೂ ನಾಳೆ ತನ್ನ ಪಾಲಿಗೆ ಬರಬೇಕಾದ ಸೀಮೆಯ ಮೇಲಿತ್ತು. 1792ರ ಆರಂಭದಲ್ಲಿ ಕಾರ್ನ್‌ವಾಲಿಸ್ ಕೊನೆಯ ಮುತ್ತಿಗೆಗೆ ಸಿದ್ಧನಾಗುತ್ತಿದ್ದಾಗ ಭಾವು ಶಿವಮೊಗ್ಗ, ಬಿದನೂರುಗಳ ಕಡೆ ಇದ್ದ. ಇತ್ತ ಕಂಪನಿಯೂ ಕಡಿಮೆಯಿರಲಿಲ್ಲ. ಫೆಬ್ರುವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಕೋಟೆಯ ಮೇಲೆ ನಡೆದ ದಾಳಿಯಲ್ಲಿ ಮಿತ್ರರ ಕುದುರೆ ಪಡೆಗಳಿಗೆ ಪಾತ್ರವೇ ಇರಲಿಲ್ಲ.

ಇದರ ಪೆಟ್ಟು ತಿಂದವರು ಬೇರೆಯವರು. 1791ರಲ್ಲಿ ಮರಾಠಾ ದಂಡಿನ ತುಕಡಿಗಳು ಶೃಂಗೇರಿ ಮಠವನ್ನು ಕೊಳ್ಳೆ ಹೊಡೆದವು. ಮಠದ ಸ್ವಾಮಿಗಳಿಗೆ ನೆರವು ನೀಡಿದವನು ಟಿಪ್ಪು. ಅವನು ಕನ್ನಡದಲ್ಲಿ ಬರೆಸಿದ ಪತ್ರಗಳನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರು ಮಠದಲ್ಲಿ ಪತ್ತೆ ಮಾಡಿದರು. ಅದೇ ವರ್ಷಗಳಲ್ಲಿ ಮಳೆ ಕೈಕೊಟ್ಟು ಧಾರವಾಡದಿಂದ ಹೈದರಾಬಾದಿನವರೆಗೆ ಭೀಕರ ಬರ ಬಿದ್ದಿತು. ಸತ್ತವರನ್ನು ಹೂಳುವವರೂ ಸುಡುವವರೂ ಇಲ್ಲದೆ ದಾರಿಬದಿಯಲ್ಲಿ ಬಿದ್ದ ತಲೆಬುರುಡೆಗಳಿಂದಲೇ ಆ ಬರಕ್ಕೆ ಹೆಸರು ಬಂತು. ಆಕಾಶ ಉಳಿಸಿದ್ದನ್ನು ದಂಡುಗಳು ತಿಂದವು. ಯುದ್ಧದ ಖರ್ಚಿನಲ್ಲಿ ಈ ಬಾಬ್ತನ್ನು ಯಾರೂ ಬರೆದಿಡಲಿಲ್ಲ.

ಲೆಕ್ಕದಲ್ಲಿ ಸಮ

1792ರ ಮಾರ್ಚ್ 18ರ ಶ್ರೀರಂಗಪಟ್ಟಣದ ಒಪ್ಪಂದದ ಪ್ರಕಾರ ಟಿಪ್ಪು ತನ್ನ ರಾಜ್ಯದ ಅರ್ಧಭಾಗವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು. ರಾಜ್ಯದ ವಾರ್ಷಿಕ ಹುಟ್ಟುವಳಿಯನ್ನು ಸುಮಾರು 2 ಕೋಟಿ 37 ಲಕ್ಷ ರೂಪಾಯಿ ಎಂದು ಲೆಕ್ಕ ಹಾಕಿ, ಅದರ ಅರ್ಧವನ್ನು ಮೂರು ಪಾಲು ಮಾಡಲಾಯಿತು. ಒಬ್ಬೊಬ್ಬರಿಗೂ ಸುಮಾರು 39 ಲಕ್ಷ 50 ಸಾವಿರ ರೂಪಾಯಿ ಹುಟ್ಟುವಳಿಯ ಸೀಮೆ. ಕರಾರಿನ ಮಾತಿಗೆ ಎಳ್ಳಷ್ಟೂ ಚ್ಯುತಿ ಬರಲಿಲ್ಲ.

ಆದರೆ ಯಾರಿಗೆ ಯಾವ ಸೀಮೆ ಎಂದು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಮರಾಠರಿಗೆ ತುಂಗಭದ್ರೆಯವರೆಗಿನ ಧಾರವಾಡದ ಕಡೆಯ ನಾಡು ಬಂತು. ನಿಜಾಮನಿಗೆ ಕೊಪ್ಪಳ, ಕಡಪ, ಗಂಡಿಕೋಟೆಗಳ ಜೊತೆಗೆ ಬಳ್ಳಾರಿ ಸೀಮೆಯ ಒಂದು ಭಾಗ. ಇಬ್ಬರಿಗೂ ದಕ್ಕಿದ್ದು ಯುದ್ಧ, ಬರಗಳಿಂದ ಬಳಲಿದ ಒಣಭೂಮಿ. ಕಂಪನಿ ಆರಿಸಿಕೊಂಡದ್ದು ಮಲಬಾರ್, ದಿಂಡಿಗಲ್ ಮತ್ತು ಬಾರಾಮಹಲ್. ಮಲಬಾರ್ ಎಂದರೆ ಮೆಣಸು, ಏಲಕ್ಕಿ ಮತ್ತು ಬಂದರುಗಳು. ಬಾರಾಮಹಲ್ ಎಂದರೆ ಮೈಸೂರಿನಿಂದ ಮದರಾಸಿನ ಕಡೆಗೆ ಇಳಿಯುವ ಕಣಿವೆಗಳು. ಇನ್ನು ಮುಂದೆ ಮೈಸೂರಿನ ಸೈನ್ಯ ಮದರಾಸಿನ ಬಾಗಿಲಿಗೆ ಬರುವಂತಿಲ್ಲ, ಆದರೆ ಕಂಪನಿಯ ಸೈನ್ಯ ಬೇಕೆಂದಾಗ ಮೈಸೂರಿಗೆ ಹತ್ತಬಹುದು. ಒತ್ತೆಯಾಳುಗಳಾಗಿ ಬಂದ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳು ಎರಡು ವರ್ಷ ಇದ್ದದ್ದೂ ಕಂಪನಿಯ ಮದರಾಸಿನಲ್ಲೇ.

ಟಿಪ್ಪುವನ್ನು ಪೂರ್ತಿಯಾಗಿ ಮುಗಿಸುವುದು ಪುಣೆಯ ಮಂತ್ರಿ ನಾನಾ ಫಡ್ನವೀಸನಿಗೆ ಬೇಕಿರಲಿಲ್ಲ. ಮೈಸೂರು ಹೋದರೆ ಕಂಪನಿಯ ಮುಂದಿನ ನೆರೆಯವರು ತಾವೇ ಎಂಬುದು ಆತನಿಗೆ ಗೊತ್ತಿತ್ತು. ಆದರೆ ಮಿತ್ರಕೂಟವನ್ನು ಒಟ್ಟಿಗೆ ಹಿಡಿದಿದ್ದುದು ಟಿಪ್ಪುವಿನ ಭಯವೊಂದೇ. ಆ ಭಯ ಕಡಿಮೆಯಾದ ಮೂರೇ ವರ್ಷದಲ್ಲಿ, 1795ರ ಮಾರ್ಚ್‌ನಲ್ಲಿ ಖರ್ಡಾ ಎಂಬಲ್ಲಿ ಮರಾಠರೂ ನಿಜಾಮನೂ ಪರಸ್ಪರ ಕಾದಾಡಿದರು. ನಿಜಾಮ ಸೋತ. ಕಂಪನಿ ಯಾರ ಪರವಾಗಿಯೂ ನಿಲ್ಲದೆ ದೂರ ಕುಳಿತು ನೋಡಿತು.

ಎರಡನೆಯ ಹಂಚಿಕೆ

ಸೋತ ನಿಜಾಮನಿಗೆ ಆಸರೆ ಬೇಕಿತ್ತು. 1798ರ ಸೆಪ್ಟೆಂಬರ್ 1ರಂದು ಹೊಸ ಗವರ್ನರ್ ಜನರಲ್ ವೆಲ್ಲೆಸ್ಲಿಯೊಂದಿಗೆ ಅವನು ಸಹಾಯಕ ಸೈನ್ಯದ ಒಪ್ಪಂದ ಮಾಡಿಕೊಂಡ. ಕಂಪನಿಯ ಆರು ಪಟಾಲಂಗಳು ಹೈದರಾಬಾದಿನಲ್ಲಿ ನೆಲೆಸಬೇಕು. ಅವುಗಳ ಖರ್ಚಿಗೆ ನಿಜಾಮ ವರ್ಷಕ್ಕೆ 24 ಲಕ್ಷ 17 ಸಾವಿರ ರೂಪಾಯಿ ಕೊಡಬೇಕು. ಅವನ ಬಳಿಯಿದ್ದ ಫ್ರೆಂಚ್ ಅಧಿಕಾರಿಗಳ ಪಡೆಯನ್ನು ವಿಸರ್ಜಿಸಬೇಕು. 1790ರಲ್ಲಿ ಸರಿಸಮನಾಗಿ ಸಹಿ ಹಾಕಿದ ಮಿತ್ರ ಎಂಟು ವರ್ಷದಲ್ಲಿ ಬಾಡಿಗೆ ಕಟ್ಟುವ ಮಿತ್ರನಾದ.

1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಏರಿ ಹೋದ ಕೊನೆಯ ದಂಡಿನಲ್ಲಿ ನಿಜಾಮನ ಸೈನ್ಯವಿತ್ತು. ಅದರ ಜೊತೆಗಿದ್ದ ಇಂಗ್ಲಿಷ್ ಸೇನಾನಿ ಗವರ್ನರ್ ಜನರಲ್‌ನ ತಮ್ಮ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಪುಣೆಯ ಒಳಜಗಳದಲ್ಲಿ ಮುಳುಗಿದ್ದ ಮರಾಠರು ಈ ಬಾರಿ ಬರಲಿಲ್ಲ. ಮೇ 4ರಂದು ಕೋಟೆ ಬಿದ್ದು ಟಿಪ್ಪು ಹತನಾದ. ಸೈನಿಕರಿಗೆ ಹಂಚಿದ ಲೂಟಿಯ ಮೊತ್ತವೇ 11 ಲಕ್ಷ ಪೌಂಡ್ ದಾಟಿತು. ಟಿಪ್ಪುವಿನ ಯಾಂತ್ರಿಕ ಹುಲಿ ಈಗಲೂ ಲಂಡನ್ನಿನ ವಸ್ತು ಸಂಗ್ರಹಾಲಯದಲ್ಲಿದೆ.

ರಾಜ್ಯವನ್ನು ಕಂಪನಿ ಪೂರ್ತಿಯಾಗಿ ನುಂಗಲಿಲ್ಲ. ಹಾಗೆ ಮಾಡಿದರೆ ನಿಜಾಮನಿಗೆ ಸಮಪಾಲು ಕೊಡಬೇಕಾಗುತ್ತಿತ್ತು. ಅವನು ಬಲವಾಗುತ್ತಿದ್ದ, ಮರಾಠರಿಗೆ ಅಸೂಯೆಯಾಗುತ್ತಿತ್ತು. ಆದ್ದರಿಂದ ನಡುವಿನ 13 ಲಕ್ಷ 74 ಸಾವಿರ ವರಹ ಹುಟ್ಟುವಳಿಯ ನಾಡನ್ನು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಒಪ್ಪಿಸಿ, ಉಳಿದುದನ್ನು ಹಂಚಲಾಯಿತು. ಕಂಪನಿಗೆ ಕೆನರಾ, ವಯನಾಡು, ಕೊಯಮತ್ತೂರು ಮತ್ತು ಶ್ರೀರಂಗಪಟ್ಟಣದ ದ್ವೀಪ ಸೇರಿ 7 ಲಕ್ಷ 77 ಸಾವಿರ ವರಹ. ನಿಜಾಮನಿಗೆ ಗುತ್ತಿ, ಗುರ್ರಂಕೊಂಡ ಮೊದಲಾದ 6 ಲಕ್ಷ 7 ಸಾವಿರ ವರಹದ ಸೀಮೆ. ಟಿಪ್ಪುವಿನ ಮನೆತನದ ಜೀವನಾಂಶ, ಜಹಗೀರು ಇತ್ಯಾದಿ ಕಳೆದರೆ ಇಬ್ಬರ ಪಾಲೂ ಸುಮಾರು 5 ಲಕ್ಷ 37 ಸಾವಿರಕ್ಕೆ ಸಮ. ಈ ಸಲವೂ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಮಂಗಳೂರಿನಿಂದ ಕಾರವಾರದವರೆಗಿನ ಕನ್ನಡ ಕರಾವಳಿ ಕಂಪನಿಯದಾಯಿತು. ಮೈಸೂರಿಗೆ ಸಮುದ್ರದ ದಾರಿ ಮುಚ್ಚಿತು.

ಯುದ್ಧಕ್ಕೆ ಬಾರದ ಪೇಶ್ವೆಗೂ ಸೋದೆ, ಹರಪನಹಳ್ಳಿ, ಆನೆಗುಂದಿ ಮುಂತಾದ 2 ಲಕ್ಷ 64 ಸಾವಿರ ವರಹದ ಸೀಮೆಯನ್ನು ಷರತ್ತಿನ ಮೇಲೆ ಕೊಡಲು ಕಂಪನಿ ಮುಂದಾಯಿತು. ಷರತ್ತನ್ನು ಪುಣೆ ಒಪ್ಪಲಿಲ್ಲ. ಆ ಪಾಲಿನಲ್ಲಿ ಮೂರನೆಯ ಎರಡು ಭಾಗ ನಿಜಾಮನಿಗೆ, ಒಂದು ಭಾಗ ಕಂಪನಿಗೆ ಹೋಯಿತು.

ಕೊಟ್ಟೋನು ಕೋಡಂಗಿ

ಒಂದು ವರ್ಷ ಕಳೆಯಿತು. ಮರಾಠರ ಭಯ ನಿಜಾಮನನ್ನು ಬಿಟ್ಟಿರಲಿಲ್ಲ. ಇನ್ನಷ್ಟು ಸೈನ್ಯ ಬೇಕೆಂದರೆ ಇನ್ನಷ್ಟು ಹಣ ಬೇಕು. 1800ರ ಅಕ್ಟೋಬರ್ 12ರ ಒಪ್ಪಂದದಲ್ಲಿ ಈ ತೊಡಕಿಗೆ ಪರಿಹಾರ ಸಿಕ್ಕಿತು. 1792ರಲ್ಲಿ ಮತ್ತು 1799ರಲ್ಲಿ ಮೈಸೂರಿನಿಂದ ಪಡೆದ ಸೀಮೆಗಳನ್ನು ನಿಜಾಮ, ಸೈನ್ಯದ ಖರ್ಚಿಗಾಗಿ, ಶಾಶ್ವತವಾಗಿ ಕಂಪನಿಗೆ ಬರೆದುಕೊಟ್ಟ. ಎರಡು ಯುದ್ಧಗಳಲ್ಲಿ ಕುದುರೆ, ಆಳು, ಹಣ ಸುರಿದು ಗಳಿಸಿದ್ದು ಹೀಗೆ ಒಂದು ಸಹಿಯಲ್ಲಿ ಹೋಯಿತು. 'ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ' ಎಂಬ ಗಾದೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಹುಡುಕುವುದು ಕಷ್ಟ.

ಗಡಿ ಸುಲಭವಾಗಲೆಂದು ಅದೇ ಒಪ್ಪಂದದಲ್ಲಿ ಒಂದು ಅದಲುಬದಲೂ ನಡೆಯಿತು. ತುಂಗಭದ್ರೆಯ ಉತ್ತರಕ್ಕಿದ್ದ ಕೊಪ್ಪಳ, ಗಜೇಂದ್ರಗಡಗಳನ್ನು ನಿಜಾಮ ಉಳಿಸಿಕೊಂಡ. ಬದಲಿಗೆ ನದಿಯ ದಕ್ಷಿಣದ ಆದವಾನಿ ಮೊದಲಾದುವನ್ನು ಬಿಟ್ಟುಕೊಟ್ಟ. ಹೊಸಪೇಟೆಗೂ ಕೊಪ್ಪಳಕ್ಕೂ ನಡುವೆ ಗೆರೆ ಬಿದ್ದದ್ದು ಆ ದಿನ. ನದಿಯ ಎರಡೂ ಕಡೆಯ ಜನರನ್ನು ಯಾರೂ ಕೇಳಲಿಲ್ಲ. ಬಳ್ಳಾರಿ, ಅನಂತಪುರ, ಕಡಪಗಳು 'ದತ್ತ ಮಂಡಲ'ಗಳಾಗಿ ಮದರಾಸಿಗೆ ಸೇರಿದವು. ಥಾಮಸ್ ಮನ್ರೋ ಅಲ್ಲಿನ ಮೊದಲ ಮುಖ್ಯ ಕಲೆಕ್ಟರಾಗಿ ಬಂದ. ಬಿಟ್ಟುಕೊಟ್ಟ ಸೀಮೆ ಎಂಬ ಅರ್ಥದ ಆ ಹೆಸರು ತೆಲುಗರಿಗೆ ಎಷ್ಟು ಚುಚ್ಚುತ್ತಿತ್ತೆಂದರೆ 1928ರ ನಂದ್ಯಾಲದ ಸಭೆಯಲ್ಲಿ ಅದನ್ನು ಬಿಟ್ಟು 'ರಾಯಲಸೀಮೆ' ಎಂದು ಕರೆದುಕೊಂಡರು.

ಉಳಿದ ಮಿತ್ರರ ಗತಿಯೂ ಭಿನ್ನವಾಗಿರಲಿಲ್ಲ. 1802ರ ಬಸ್ಸೀನ್ ಒಪ್ಪಂದದಲ್ಲಿ ಪೇಶ್ವೆ ಎರಡನೆಯ ಬಾಜಿರಾಯ ಕೂಡ ಕಂಪನಿಯ ಸಹಾಯಕ ಸೈನ್ಯವನ್ನು ಒಪ್ಪಿಕೊಂಡ. 1818ರಲ್ಲಿ ಪೇಶ್ವೆಯ ಗಾದಿಯೇ ಕೊನೆಗೊಂಡು, 1792ರಲ್ಲಿ ಬಂದಿದ್ದ ಧಾರವಾಡದ ಸೀಮೆ ಕಂಪನಿಗೆ ಸೇರಿತು. ಯಾವ ತಿರುವಾಂಕೂರನ್ನು ಕಾಪಾಡಲೆಂದು ಯುದ್ಧ ಶುರುವಾಯಿತೋ ಆ ತಿರುವಾಂಕೂರು 1795ರ ಒಪ್ಪಂದದಿಂದ ಕಂಪನಿಗೆ ವರ್ಷ ವರ್ಷ ಹಣ ಕಟ್ಟುವ ರಾಜ್ಯವಾಯಿತು. ಅಕ್ಕಿಯನ್ನೂ ದಾರಿಯನ್ನೂ ಕೊಟ್ಟ ಕೊಡಗನ್ನು 1834ರಲ್ಲಿ ಕಂಪನಿ ವಶಪಡಿಸಿಕೊಂಡಿತು. ಸಿಂಹಾಸನ ಮರಳಿ ಪಡೆದ ಮೈಸೂರು ವರ್ಷಕ್ಕೆ 24 ಲಕ್ಷ 50 ಸಾವಿರ ರೂಪಾಯಿ ಕಪ್ಪ ಕೊಡಬೇಕಾಯಿತು. 1881ರಲ್ಲಿ ಅದನ್ನು 35 ಲಕ್ಷಕ್ಕೆ ಏರಿಸುವ ಕರಾರು ಬಿತ್ತು.

ಯಾಕೆ ಹೀಗಾಯಿತು?

ಕಂಪನಿ ಕರಾರು ಮುರಿದು ಮಿತ್ರರಿಗೆ ಮೋಸ ಮಾಡಿತು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಪಾಲಿನ ವಿಷಯದಲ್ಲಿ ಅದು ಕರಾರಿನಂತೆಯೇ ನಡೆದುಕೊಂಡಿತ್ತು. ವ್ಯತ್ಯಾಸವಿದ್ದದ್ದು ಬೇರೆ ಕಡೆ. ಮರಾಠರೂ ನಿಜಾಮನೂ ತಮ್ಮ ಪಾಲನ್ನು ಕಂದಾಯದ ಮೊತ್ತದಲ್ಲಿ ಅಳೆದರು. ಕಂಪನಿ ಮುಂದಿನ ಯುದ್ಧಕ್ಕೆ ಬೇಕಾದ ಬಂದರು, ಕಣಿವೆ, ದಾರಿಗಳಲ್ಲಿ ಅಳೆಯಿತು. ಮಿತ್ರರ ಸೈನ್ಯಗಳು ಯುದ್ಧ ಮುಗಿದೊಡನೆ ಮನೆಗೆ ಹೋದವು. ಕಂಪನಿಯ ಸೈನ್ಯ ಮಿತ್ರರ ರಾಜಧಾನಿಗಳಲ್ಲಿ, ಅವರದೇ ಖರ್ಚಿನಲ್ಲಿ ನೆಲೆಯೂರಿತು. ಮಿತ್ರರಿಬ್ಬರಿಗೂ ಕಂಪನಿಗಿಂತ ಪರಸ್ಪರರ ಭಯವೇ ಹೆಚ್ಚಾಗಿತ್ತು. ಆ ಭಯವೇ ಒಬ್ಬೊಬ್ಬರನ್ನಾಗಿ ಕಂಪನಿಯ ಬಾಗಿಲಿಗೆ ತಂದು ನಿಲ್ಲಿಸಿತು.

ಈ ಪಾಲುಪಾರಿಕತ್ತಿನ ಕೊನೆಯ ಕಂತನ್ನು ತೀರಿಸಿದವರು ಕನ್ನಡಿಗರು. ಕರಾವಳಿ ಮೊದಲು ಮದರಾಸಿಗೆ ಸೇರಿತು. 1862ರಲ್ಲಿ ಅದರ ಉತ್ತರ ಭಾಗವನ್ನು ಮುಂಬಯಿಗೆ ಕೊಟ್ಟರು. ಧಾರವಾಡ ಮುಂಬಯಿಯಲ್ಲಿ, ಬಳ್ಳಾರಿ ಮದರಾಸಿನಲ್ಲಿ, ಕೊಪ್ಪಳ ಹೈದರಾಬಾದಿನಲ್ಲಿ, ಕೊಡಗು ಬೇರೆ ಪ್ರಾಂತ್ಯವಾಗಿ ಉಳಿದವು. ಕೊಯಮತ್ತೂರಿನ ಜೊತೆಗೆ ಹೋದ ಕೊಳ್ಳೇಗಾಲ ಮದರಾಸಿನ ತಾಲ್ಲೂಕಾಯಿತು. ಶಾಲೆಯ ಭಾಷೆ ಒಂದು ಕಡೆ ಮರಾಠಿ, ಒಂದು ಕಡೆ ಉರ್ದು, ಇನ್ನೊಂದು ಕಡೆ ತೆಲುಗು ಅಥವಾ ತಮಿಳಿನ ನೆರಳು. ಏಕೀಕರಣಕ್ಕಾಗಿ ಹೋರಾಡಿದ ತಲೆಮಾರುಗಳು ಅಳಿಸಲು ಹೊರಟದ್ದು ಬಹುಮಟ್ಟಿಗೆ ಈ ಗೆರೆಗಳನ್ನೇ.

1953ರ ಅಕ್ಟೋಬರ್‌ನಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಮೈಸೂರಿಗೆ ಬಂತು. ಆದವಾನಿ, ರಾಯದುರ್ಗಗಳು ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ರಂದು ಧಾರವಾಡ, ಕೊಪ್ಪಳ, ಕರಾವಳಿ, ಕೊಡಗು, ಕೊಳ್ಳೇಗಾಲ ಒಂದೇ ರಾಜ್ಯದಲ್ಲಿ ಸೇರಿದವು. ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ಹೊರಗೇ ಉಳಿಯಿತು. ತುಂಗಭದ್ರೆಯ ಎರಡು ದಂಡೆಗಳು ಮತ್ತೆ ಒಂದೇ ಆಡಳಿತಕ್ಕೆ ಬರಲು 1800ರ ಆ ಸಹಿಯಿಂದ 156 ವರ್ಷಗಳು ಹಿಡಿದವು.